ಕವಿಯ ಸಮಾಧಿ ಮತ್ತು ಓದುಗ: ಕವಿಶೈಲವನ್ನು ಕುರಿತು

ಕವಿಯ ಸಮಾಧಿಯನ್ನು ಅರಸಿಕೊಂಡು ಓದುಗ ಹೋಗುವ ರೂಢಿ ಕನ್ನಡದಲ್ಲಿ ಹಳೆಯದಲ್ಲ. ಶ್ರವಣಬೆಳಗೊಳದ ನಿಸಿದಿ ಶಾಸನಗಳು ಸಲ್ಲೇಖನ ವ್ರತದಿಂದ ಮುಡಿಪಿದವರನ್ನು ಸ್ಮರಿಸುತ್ತವೆ. ವೀರಗಲ್ಲುಗಳು ಕಾದಿ ಮಡಿದವರನ್ನು. ಪಂಪನ ವಂಶವನ್ನು ತಿಳಿಸುವ ಕುರ್ಕ್ಯಾಲದ ಶಾಸನ ಅವನ ತಮ್ಮ ಜಿನವಲ್ಲಭನದು. ಅದು ಕೀರ್ತಿಯ ಬರಹವೇ ಹೊರತು ಸಮಾಧಿಯ ಗುರುತಲ್ಲ. ಹಳೆಯ ಕವಿಗೆ ಕಾವ್ಯವೇ ಸ್ಮಾರಕವಾಗಿತ್ತು.

ಇಂಗ್ಲಿಷ್ ಸಾಹಿತ್ಯದಲ್ಲಿ ಸ್ಥಿತಿ ಬೇರೆ. ಥಾಮಸ್ ಗ್ರೇ 1751ರಲ್ಲಿ ಪ್ರಕಟಿಸಿದ ಶೋಕಗೀತೆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಲಗಿರುವ ಹೆಸರಿಲ್ಲದ ಜನರನ್ನು ಕುರಿತದ್ದು. ಆ ಕವಿತೆಯೊಡನೆ ಹೆಸರು ಬೆಸೆದುಕೊಂಡಿರುವ ಸ್ಟೋಕ್ ಪೋಜಸ್‌ನ ಚರ್ಚಿನ ಅಂಗಳದಲ್ಲಿಯೇ 1771ರಲ್ಲಿ ಕವಿಯನ್ನೂ ತಾಯಿಯ ಸಮಾಧಿಯಲ್ಲಿ ಹೂಳಲಾಯಿತು. ಮೊದಲು ಕವಿತೆ, ಆಮೇಲೆ ಸಮಾಧಿ ಎಂಬ ಈ ಕ್ರಮ ಗಮನಾರ್ಹವಾದುದು.

ಕನ್ನಡದಲ್ಲಿ ಇದಕ್ಕೆ ಸಂವಾದಿಯಾಗಿ ನಿಲ್ಲುವ ಸ್ಥಳ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಶೈಲ. ಮನೆಯ ಹಿಂದಿನ ಗುಡ್ಡದ ಬಂಡೆಗಳಿಗೆ ಕುವೆಂಪು ಆ ಹೆಸರಿಟ್ಟು ಕವಿತೆ ಬರೆದದ್ದು ತಾರುಣ್ಯದಲ್ಲಿ. 1994ರ ನವೆಂಬರ್ 11ರಂದು ಅವರು ಮೈಸೂರಿನಲ್ಲಿ ನಿಧನರಾದ ಮೇಲೆ ಅಂತ್ಯಸಂಸ್ಕಾರ ನಡೆದದ್ದು ಅಲ್ಲಿಯೇ. ಇಂದು ಕಾಣುವ ಬೃಹತ್ ಶಿಲಾರಚನೆ ತೀರ ಈಚಿನದು. ಓದುಗರ ಪಾಲಿಗೆ ಆ ಗುಡ್ಡ ಅದಕ್ಕೆ ಎಷ್ಟೋ ದಶಕಗಳ ಮುನ್ನವೇ ಕಾವ್ಯಸ್ಥಳವಾಗಿತ್ತು.

ಆದರೆ ಕವಿಶೈಲದಲ್ಲಿ ಎಲ್ಲಕ್ಕಿಂತ ಮಿಗಿಲಾದ ಸ್ಮಾರಕ ಸಮಾಧಿಯಲ್ಲ, ಒಂದು ಬಂಡೆಯ ಮೇಲಿನ ಕೆಲವು ಅಕ್ಷರಗಳು. ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು 1936ರಲ್ಲಿ ತಮ್ಮ ಹೆಸರುಗಳನ್ನು ಅಲ್ಲಿ ಕೊರೆದರು. ಬದುಕಿದ್ದ ಮೂವರ ಸಂತೋಷದ ಗುರುತು ಅದು. ಮೂರು ವರ್ಷ ಕಳೆಯುವುದರೊಳಗೆ, 1939ರಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡರು, ಶ್ರೀಯವರು 1946ರಲ್ಲಿ. ಬರೆದವರು ಒಬ್ಬೊಬ್ಬರಾಗಿ ಮರೆಯಾದಂತೆ ಆ ಬರಹದ ಅರ್ಥ ಬದಲಾಯಿತು. ವಿಹಾರದ ನೆನಪು ಗುರುಗಳ ಸ್ಮಾರಕವಾಯಿತು.

1949ರಲ್ಲಿ ಬೆಳಕು ಕಂಡ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಇದೇ ವೆಂಕಣ್ಣಯ್ಯನವರಿಗೆ. ಕೃತಿಯನ್ನು ಮುಗಿಸಿ ತಂದಿರುವೆನೆಂದು ಶಿಷ್ಯ ಅಗಲಿದ ಗುರುವಿಗೆ ಒಪ್ಪಿಸುವ ಮಾತು ಅಲ್ಲಿದೆ. ಬಂಡೆಯ ಹೆಸರನ್ನೂ ಕಾವ್ಯದ ಅರ್ಪಣೆಯನ್ನೂ ಒಟ್ಟಿಗೆ ಓದಿದಾಗ ಮಾತ್ರ ಕವಿಶೈಲ ಪೂರ್ಣವಾಗಿ ತೆರೆದುಕೊಳ್ಳುತ್ತದೆ. ಅರ್ಪಣೆಯನ್ನು ಓದದೆ ಗುಡ್ಡ ಹತ್ತಿದವನಿಗೆ ಅಲ್ಲಿ ದೊರೆಯುವುದು ಸೂರ್ಯಾಸ್ತದ ನೋಟವೊಂದೇ. ಅದು ಸುಂದರವೇ, ಆದರೆ ಅಂಥ ನೋಟ ಮಲೆನಾಡಿನ ಬೇರೆ ಗುಡ್ಡಗಳಲ್ಲಿಯೂ ಉಂಟು.

ಈ ವಿಚಾರ ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಸಲ್ಲುತ್ತದೆ. ಡೊಂಬಿವಲಿ ಮತ್ತು ಕಲ್ಯಾಣಗಳ ನಡುವಣ ಠಾಕುರ್ಲಿಯಲ್ಲಿ ಬೆಳೆದ ಕನ್ನಡ ವಿದ್ಯಾರ್ಥಿಗೆ ಕುಪ್ಪಳಿ ದೂರ; ಹತ್ತಿರದಲ್ಲಿ ಹೂವಿಟ್ಟು ನಿಲ್ಲಲು ಕನ್ನಡ ಕವಿಯ ಸಮಾಧಿಯೊಂದಿಲ್ಲ. ಬೇಂದ್ರೆಯವರು 1981ರಲ್ಲಿ ಕೊನೆಯುಸಿರೆಳೆದದ್ದು ಮುಂಬಯಿಯಲ್ಲಿ. ಹನೇಹಳ್ಳಿಯನ್ನು ಕತೆಗಳಲ್ಲಿ ಉಳಿಸಿದ ಯಶವಂತ ಚಿತ್ತಾಲರು 2014ರಲ್ಲಿ ತೀರಿಕೊಂಡದ್ದೂ ಇದೇ ನಗರದಲ್ಲಿ. ಆದರೆ ‘ಶಿಕಾರಿ’ಯನ್ನು ಓದಿದವನಿಗೆ ಮುಂಬಯಿ ಮೊದಲಿನ ಮುಂಬಯಿಯಾಗಿ ಉಳಿಯುವುದಿಲ್ಲ. ಗುಡ್ಡವನ್ನು ಕವಿಶೈಲವಾಗಿಸಿದ ಶಕ್ತಿ ಇಲ್ಲಿಯೂ ದುಡಿದಿದೆ. ಕೊರೆದ ಕಲ್ಲು ಇಲ್ಲ, ಅಷ್ಟೆ.

ಸಮಾಧಿಗೆ ಹೋಗುವುದು ವ್ಯರ್ಥವೆಂದು ಇದರ ಅರ್ಥವಲ್ಲ. ಗುರು, ಶಿಷ್ಯ, ಭಾಷೆ ಮೂರೂ ಕೂಡಿದ ಜಾಗದಲ್ಲಿ ಒಂದು ಗಳಿಗೆ ಮೌನವಾಗಿ ನಿಲ್ಲುವುದು ಒಳ್ಳೆಯ ಸಂಸ್ಕಾರ. ಆದರೆ ಆ ಮೌನಕ್ಕೆ ಅರ್ಥವನ್ನು ಓದುಗ ತನ್ನೊಡನೆ ಕೊಂಡೊಯ್ಯಬೇಕು. ಹೊಸ ತಲೆಮಾರು ಓದುವುದನ್ನು ಬಿಟ್ಟರೆ ಬಂಡೆಯ ಮೇಲಿನ ಹೆಸರುಗಳು ಹಾಗೆಯೇ ಇರುತ್ತವೆ. ಅವು ಯಾರವೆಂದು ಕೇಳುವವರು ಇರುವುದಿಲ್ಲ. ಕನ್ನಡ ವಿಭಾಗವೊಂದರ ಹೊಣೆ ಇರುವುದು ಈ ಎಡೆಯಲ್ಲಿ.