ದಿನಬಳಕೆಯ ಮಾತಿನಲ್ಲಿ ರೂಪಕ

ರೂಪಕಾಲಂಕಾರವೆಂದೊಡನೆ ನಮ್ಮಲ್ಲಿ ಅನೇಕರಿಗೆ ಹಳೆಯ ವ್ಯಾಕರಣಪಾಠವು ನೆನಪಿಗೆ ಬರುವದು. ಕರಿಹಲಗೆಯ ಮೇಲೆ ಉಪಮೇಯ, ಉಪಮಾನ, ಸಮಾನಧರ್ಮ ಎಂಬ ಮೂರು ಶಬ್ದಗಳು. ಅವುಗಳ ಕೆಳಗೆ ಮುಖಕಮಲ, ಪಾದಪದ್ಮ ಎಂಬ ಉದಾಹರಣೆಗಳು. ಪರೀಕ್ಷೆಯಲ್ಲಿ ಲಕ್ಷಣವನ್ನು ಬರೆದು ಸಮನ್ವಯ ಮಾಡುವ ಪ್ರಯಾಸ. ಶಾಲೆಯನ್ನು ಬಿಟ್ಟ ಮೇಲೆ ಅಲಂಕಾರಗಳನ್ನು ಕವಿಗಳಿಗೇ ಒಪ್ಪಿಸಿ ನಾವು ನಮ್ಮ ಗೃಹಕೃತ್ಯಕ್ಕೂ ಉದ್ಯೋಗಕ್ಕೂ ತೆರಳಿದೆವು. ಆದರೆ ಅಲಂಕಾರವು ನಮ್ಮನ್ನು ಬಿಡಲಿಲ್ಲ. ಅಡಿಗೆಮನೆಯಲ್ಲಿಯೂ ಅಂಗಡಿಯಲ್ಲಿಯೂ ಜಗಲಿಯ ಮಾತುಕತೆಯಲ್ಲಿಯೂ ನಾವು ಅರಿಯದೆಯೇ ಅದನ್ನು ಉಪಯೋಗಿಸುತ್ತಿರುವೆವು. ಅದು ಹೇಗೆಂಬದನ್ನೂ, ಅದರಿಂದಾಗುವ ಹಿತಾಹಿತಗಳನ್ನೂ ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಲಕ್ಷಣವನ್ನು ಜ್ಞಾಪಿಸಿಕೊಳ್ಳುವ. ಮುಖವು ಕಮಲದಂತಿದೆ ಎಂದರೆ ಉಪಮೆ; ಮುಖವೇ ಕಮಲವೆಂದರೆ ರೂಪಕ. ಕ್ರಿ. ಶ. 850ರ ಸುಮಾರಿಗೆ ಹುಟ್ಟಿದ ನಮ್ಮ 'ಕವಿರಾಜಮಾರ್ಗ'ವು ಅಲಂಕಾರಗಳ ವಿಷಯದಲ್ಲಿ ಬಹುಮಟ್ಟಿಗೆ ದಂಡಿಯ 'ಕಾವ್ಯಾದರ್ಶ'ವನ್ನು ಅನುಸರಿಸಿರುವದು. ಆ ದಂಡಿಯ ಮತದಂತೆ, ಎರಡು ವಸ್ತುಗಳೊಳಗಿನ ಭೇದವು ಮರೆಯಾದಾಗ ಉಪಮೆಯೇ ರೂಪಕವಾಗುವದು. ಭೇದವು ಇಲ್ಲವಾಗುವದಿಲ್ಲ, ಮರೆಯಾಗುವದು ಮಾತ್ರ. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಈಗ ನಮ್ಮ ಮನೆಯೊಳಗೆ ಕಣ್ಣಾಡಿಸೋಣ. ಮಂಚಕ್ಕೆ ಕಾಲುಗಳಿವೆ, ಬಾಚಣಿಗೆಗೆ ಹಲ್ಲುಗಳಿವೆ, ಬಾವಿಗೂ ಚೀಲಕ್ಕೂ ಬಾಯಿ ಇದೆ, ಸೂಜಿಗೂ ತೆಂಗಿನಕಾಯಿಗೂ ಕಣ್ಣಿದೆ. ಹೊರಗೆ ಬಂದರೆ ಬೆಟ್ಟಕ್ಕೆ ನೆತ್ತಿಯುಂಟು, ಉರಿಯುವ ಬೆಂಕಿಗೆ ನಾಲಿಗೆಯುಂಟು. ಮನುಷ್ಯನು ತನಗೆ ಅತಿ ಸಮೀಪವಾದ ತನ್ನ ದೇಹದಿಂದಲೇ ಹೆಸರುಗಳನ್ನು ಸಾಲ ತಂದು ಲೋಕದ ವಸ್ತುಗಳಿಗೆ ಇಟ್ಟನು. ಈ ರೂಪಕಗಳು ಬಹುಕಾಲದ ಬಳಕೆಯಿಂದ ಸವೆದುಹೋಗಿ ಈಗ ರೂಪಕಗಳೆಂದು ತೋರುವದೇ ಇಲ್ಲ.

ಕಣ್ಣಿಗೆ ಕಾಣದ ವಿಷಯಗಳಲ್ಲಿಯಂತೂ ರೂಪಕದ ಸಹಾಯವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರೆವು. ಸಿಟ್ಟು ಏರುವದು, ಕುದಿಯುವದು, ಕಡೆಗೆ ಆರುವದು. ಮಾತನ್ನು ಕೊಡುವೆವು, ಮುರಿಯುವೆವು, ನುಂಗುವೆವು. ಸಾಲದಲ್ಲಿ ಮುಳುಗುವೆವು, ಬೈಗಳನ್ನೂ ಪೆಟ್ಟನ್ನೂ ತಿನ್ನುವೆವು. ಪರರ ಏಳಿಗೆಯನ್ನು ಸಹಿಸದಿರುವದಕ್ಕೆ ನಮ್ಮ ಹಿರಿಯರು ಹೊಟ್ಟೆಕಿಚ್ಚೆಂದು ಹೆಸರಿಟ್ಟರು. ಆ ಬೆಂಕಿಯು ನೆರೆಮನೆಯನ್ನಲ್ಲ, ಹೊತ್ತಿಸಿಕೊಂಡವರ ಹೊಟ್ಟೆಯನ್ನೇ ಸುಡುವದೆಂಬ ನೀತಿಯೆಲ್ಲವೂ ಆ ಒಂದು ಶಬ್ದದಲ್ಲಿ ಅಡಗಿರುವದು.

ಆದರೆ ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಶಬ್ದವು ತಿಳಿ ಎಂಬದು. ಕೆಸರು ತಳಕ್ಕೆ ಇಳಿದ ಮೇಲೆ ನೀರು ತಿಳಿಯಾಗುವದು. ಪಾಠವು ಮನಸ್ಸಿಗೆ ಸ್ಪಷ್ಟವಾದಾಗ ತಿಳಿಯಿತು ಎನ್ನುವೆವು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಈ ಎರಡು ಅರ್ಥಗಳೂ ದೊರೆಯುವವು. ತಮಿಳಿನ ತೆಳಿ ಎಂಬ ಶಬ್ದವೂ ಇದರ ಬಂಧುವೇ. ಕನ್ನಡಿಗನಿಗೆ ಅರಿವೆಂದರೆ ಕದಡಿದ ನೀರು ತಿಳಿಯಾಗುವದು.

ಇಷ್ಟಾದರೆ ಇದು ಶಬ್ದಗಳ ವಿನೋದವಾಗಿ ಮುಗಿಯುತ್ತಿತ್ತು. ಆದರೆ ರೂಪಕಕ್ಕೆ ತಕ್ಕಂತೆ ನಮ್ಮ ನಡತೆಯೂ ಬದಲಾಗುವದು. 1980ರಲ್ಲಿ ಅಮೆರಿಕದ ಜಾರ್ಜ್ ಲೇಕಾಫ್, ಮಾರ್ಕ್ ಜಾನ್ಸನ್ ಎಂಬ ವಿದ್ವಾಂಸರು ಇಂಗ್ಲಿಷಿನ ನಿತ್ಯದ ಮಾತುಗಳನ್ನು ಪರಿಶೀಲಿಸಿ, ರೂಪಕವು ಮಾತಿನ ಒಡವೆ ಮಾತ್ರವಲ್ಲ, ಆಲೋಚನೆಯ ಅಚ್ಚೂ ಆಗಿದೆಯೆಂದು ತಮ್ಮ ಗ್ರಂಥದಲ್ಲಿ ವಾದಿಸಿದರು. ವಾದವನ್ನು ಯುದ್ಧವೆಂದೆಣಿಸಿದವರು ಗೆಲುವು ಸೋಲುಗಳನ್ನೇ ನೋಡುವರು. ಇಬ್ಬರೂ ಕೂಡಿ ಸತ್ಯವನ್ನು ಹುಡುಕಬಹುದೆಂಬದು ಅವರಿಗೆ ಹೊಳೆಯದು.

ಇದಕ್ಕೆ ನಮ್ಮ ತರಗತಿಯೇ ಸಾಕ್ಷಿ. ಎಷ್ಟು ತುಂಬಿದರೂ ಈ ಹುಡುಗಿಯ ತಲೆಯಲ್ಲಿ ನಿಲ್ಲದೆಂದು ನಾವೂ ಬೇಸರದಿಂದ ಹೇಳಿದ್ದುಂಟು. ಹಾಗೆ ಹೇಳುವಾಗ ತಲೆಯು ಕೊಡವಾಯಿತು, ವಿದ್ಯೆಯು ನೀರಾಯಿತು, ಮಗುವು ಒಡಕು ಕೊಡವಾಯಿತು. ಒಡಕು ಕೊಡಕ್ಕೆ ನೀರು ಹೊಯ್ಯುವವರು ಯಾರು? ಅದೇ ಮಗುವಿಗೆ ಇನ್ನೂ ತಿಳಿದಿಲ್ಲವೆಂದು ಹೇಳಿ, ಆ ಶಬ್ದದ ಮೂಲವನ್ನು ನೆನೆದಿದ್ದರೆ, ಕದಡಿದ ನೀರನ್ನು ಮತ್ತೆ ಮತ್ತೆ ಕಲಕದೆ ತುಸು ಕಾಯುತ್ತಿದ್ದೆವು. ಮಗುವು ಅದೇ, ಪಾಠವೂ ಅದೇ; ರೂಪಕವು ಬೇರೆಯಾದುದರಿಂದ ಗುರುವಿನ ತಾಳ್ಮೆಯು ಬೇರೆಯಾಗುವದು.

ತಂದೆತಾಯಿಗಳು ಇನ್ನೊಂದು ಮಾತನ್ನು ಲಾಲಿಸಬೇಕೆಂದು ನಮ್ಮ ಪ್ರಾರ್ಥನೆ. ಮಗಳ ಮದುವೆಯು ಮುಗಿದಾಗ, ತಲೆಯ ಮೇಲಿನ ಹೊರೆ ಇಳಿಯಿತೆಂದು ಹೇಳುವ ವಾಡಿಕೆಯುಂಟು. ಹೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಎಷ್ಟೋ ಸಾರಿ ಅವರ ಕಣ್ಣಿನಲ್ಲಿ ನೀರೇ ಇರುವದು. ಅವರು ಹೇಳಬಯಸುವದು ತಮ್ಮ ಚಿಂತೆಯ ಭಾರವನ್ನು. ಆದರೆ ಮಾತಿನಲ್ಲಿ ಚಿಂತೆಯು ಮರೆಯಾಗಿ ಮಗಳೇ ಹೊರೆಯಾಗಿ ನಿಲ್ಲುವಳು. ಹೊರೆಯ ಧರ್ಮಗಳನ್ನು ಎಣಿಸಿ ನೋಡಿರಿ. ಹೊರೆಯನ್ನು ಆದಷ್ಟು ಬೇಗ ಇಳಿಸುವದೇ ಲೇಸು. ಎಲ್ಲಿ ಇಳಿಯಬೇಕೆಂದು ಹೊರೆಯನ್ನು ಯಾರೂ ಕೇಳುವದಿಲ್ಲ. ಇಳಿಸಿದ ಹೊರೆಯನ್ನು ಪುನಃ ಹೊರಲು ಯಾರಿಗೂ ಮನಸ್ಸಿಲ್ಲ. ಹೊರೆಯು ಯಾರನ್ನೂ ಹೊರಲಾರದು. ಇನ್ನೂ ಓದಬೇಕೆನ್ನುವ ಹುಡುಗಿ, ಸಂಕಟದಲ್ಲಿ ತವರಿನ ಬಾಗಿಲನ್ನು ತಟ್ಟುವ ಮಗಳು, ಮುಪ್ಪಿನಲ್ಲಿ ತಾಯಿಯ ಕೈ ಹಿಡಿದು ನಡೆಸುವ ಮಗಳು, ಈ ಮೂವರೂ ಆ ರೂಪಕದಲ್ಲಿ ಮರೆಯಾಗಿರುವರು. ಇಂಥ ಮಾತನ್ನು ಕೇಳುತ್ತ ಬೆಳೆದ ಬಾಲಿಕೆಯು ತಾನು ಇಳಿಯಬೇಕಾದ ಭಾರವೆಂದು ತಾನೇ ನಂಬಿಬಿಡುವಳು. ಇದೇ ಅದರ ದೊಡ್ಡ ಹಾನಿ.

ಹಾಗಾದರೆ ಮಗಳನ್ನು ಮನೆಯ ದೀಪವೆನ್ನೋಣವೇ? ಅದು ಪ್ರೀತಿಯ ಮಾತೇ ಸರಿ. ಆದರೆ ದೀಪವು ಇಟ್ಟಲ್ಲಿಯೇ ಇದ್ದು ಪರರಿಗಾಗಿ ಉರಿಯತಕ್ಕದ್ದೆಂಬದೂ ಅದರಲ್ಲಿ ಅಡಗಿದೆ. ಹೊಗಳಿಕೆಯ ರೂಪಕವೂ ಏನನ್ನೋ ಮುಚ್ಚದೆ ಬಿಡದು. ಆದಕಾರಣ ರೂಪಕಗಳನ್ನು ಬಿಟ್ಟುಬಿಡಬೇಕೆಂದು ನಾವು ಹೇಳುವದಿಲ್ಲ. ಅವುಗಳನ್ನು ಬಿಟ್ಟರೆ ಮೂಕರಾಗುವೆವು. ಒಂದೇ ರೂಪಕಕ್ಕೆ ಅಂಟಿಕೊಳ್ಳಬಾರದು, ಮರೆಯಾದ ಭೇದವನ್ನು ಆಗಾಗ ಹೊರಗೆ ಕರೆಯಬೇಕು, ಇಷ್ಟೇ ನಮ್ಮ ವಿಜ್ಞಾಪನೆ.

ಇದಕ್ಕೆ ಸುಲಭವಾದ ಅಭ್ಯಾಸವೊಂದುಂಟು. ಮಾತೊಂದು ಮನಸ್ಸಿಗೆ ಚುಚ್ಚಿದಾಗಲಾಗಲಿ ಹಿತವಾದಾಗಲಾಗಲಿ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಯಾವದನ್ನು ಕುರಿತು ಹೇಳಲಾಯಿತು? ಯಾವದೆಂದು ಹೇಳಲಾಯಿತು? ಇವೆರಡರಲ್ಲಿ ಸಮಾನವಾದ ಧರ್ಮವೇನು? ಸಮಾನವಲ್ಲದೆ ಮರೆಯಾದದ್ದೇನು? ಮೊದಲಿನ ಮೂರು ಪ್ರಶ್ನೆಗಳಿಗೆ ಪರೀಕ್ಷೆಯಲ್ಲಿ ಅಂಕಗಳು ದೊರೆತವು. ನಾಲ್ಕನೆಯದನ್ನು ಪರೀಕ್ಷಕರು ಕೇಳಲಿಲ್ಲ. ಅದನ್ನು ಸಂಸಾರದಲ್ಲಿ ನಾವೇ ಕೇಳಿಕೊಳ್ಳಬೇಕಾಗಿದೆ.

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸ್ವತಃ ತಾಯಂದಿರು. ಅವರ ಮನೆಗಳಲ್ಲಿ ಮದುವೆಯ ಚಪ್ಪರವು ಬಿಚ್ಚಿದ ಸಂಜೆ ಹೊರೆ ಇಳಿಯಿತೆಂದು ಯಾರಾದರೂ ನಿಟ್ಟುಸಿರಿಟ್ಟರೆ, ಇಳಿದದ್ದು ಮಗಳಲ್ಲ, ನಮ್ಮ ಚಿಂತೆ, ಎಂದು ಮೃದುವಾಗಿ ತಿದ್ದುವರೆಂದು ನಂಬಿರುವೆವು. ಅಲ್ಲಿ ನಿಂತು ಕೇಳುವ ಕಿರಿಯ ಹುಡುಗಿಗೆ ಅಷ್ಟು ಪಾಠ ಸಾಕು.