ಪಾವೆಲ್ ಫೆದೋತೋವ್: ಕತ್ತಿ ಕೆಳಗಿಟ್ಟು ಕುಂಚ ಹಿಡಿದವನು

ಕೈಯಲ್ಲಿ ಒಳ್ಳೆ ನೌಕರಿ ಇದೆ, ಮನಸ್ಸು ಮಾತ್ರ ಬೇರೆಲ್ಲೋ ಇದೆ. ಏನು ಮಾಡೋದು? ಇದು ನಮ್ಮ ಹಾಸ್ಟೆಲ್ ರೂಮುಗಳಲ್ಲಿ ಹುಟ್ಟಿದ ಪ್ರಶ್ನೆಯೇನಲ್ಲ. ರಷ್ಯಾದ ಚಿತ್ರಕಾರ ಪಾವೆಲ್ ಫೆದೋತೋವ್‌ಗೂ ಅದು ಕಾಡಿತ್ತು.

1815ರಲ್ಲಿ ಮಾಸ್ಕೋದ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಅವನು ಕೆಡೆಟ್ ಶಾಲೆಯಲ್ಲಿ ಓದಿ, ಸೇಂಟ್ ಪೀಟರ್ಸ್‌ಬರ್ಗ್‌ನ ಫಿನ್‌ಲ್ಯಾಂಡ್ ಗಾರ್ಡ್ಸ್ ರೆಜಿಮೆಂಟಿನಲ್ಲಿ ಅಧಿಕಾರಿಯಾದ. ಹಗಲು ಡ್ಯೂಟಿ, ಸಂಜೆ ಕಲಾ ಅಕಾಡೆಮಿಯ ಕ್ಲಾಸು. ವರ್ಷಗಟ್ಟಲೆ ಹೀಗೇ ನಡೆಯಿತು. 1844ರಲ್ಲಿ, 28ನೇ ವಯಸ್ಸಿಗೆ, ಸೈನ್ಯ ಬಿಟ್ಟ.

ಮೊದಲು ಅವನ ಒಲವು ಯುದ್ಧದ ಚಿತ್ರಗಳ ಕಡೆಗಿತ್ತು. ನೀತಿಕಥೆಗಳಿಗೆ ಹೆಸರಾದ ಕವಿ ಇವಾನ್ ಕ್ರಿಲೋವ್ ಪತ್ರ ಬರೆದು, ಜನರ ದಿನನಿತ್ಯದ ಬದುಕನ್ನೇ ಬಿಡಿಸು ಎಂದು ಹುರಿದುಂಬಿಸಿದರು. ರಾಜರು, ದೇವತೆಗಳು, ಸೇನಾಪತಿಗಳ ಬದಲು ಅಡುಗೆಯವಳು, ಗುಮಾಸ್ತ, ವ್ಯಾಪಾರಿ ಇವರೇ ಚಿತ್ರದ ನಾಯಕರಾಗುವ ಪ್ರಕಾರ ಅದು.

1846ರ ‘ಹೊಸ ಪದಕಧಾರಿ’ ನೋಡಿ. ಗುಮಾಸ್ತನೊಬ್ಬನಿಗೆ ಪದಕ ಸಿಕ್ಕಿದೆ. ರಾತ್ರಿ ಪಾರ್ಟಿ ಮುಗಿದು ಬೆಳಗಾಗಿದೆ. ಬರಿಗಾಲು, ಹಳೇ ನಿಲುವಂಗಿ, ಅದರ ಮೇಲೆ ಪದಕ! ಅವನು ಎದೆಯುಬ್ಬಿಸಿ ನಿಂತರೆ, ಅಡುಗೆಯವಳು ಅವನ ತೂತುಬಿದ್ದ ಬೂಟನ್ನೇ ಎತ್ತಿ ತೋರಿಸ್ತಾಳೆ. ಅಧಿಕಾರದ ಜಂಬಕ್ಕೆ ಇದಕ್ಕಿಂತ ಉತ್ತರ ಬೇಕೇ? ಸೆನ್ಸಾರ್‌ನವರಿಗೂ ಇದು ಅರ್ಥವಾಯ್ತು. ಚಿತ್ರದ ಪ್ರತಿ ಅಚ್ಚಾಗಬೇಕಾದರೆ ಪದಕ ತೆಗೆಯಬೇಕು ಎಂದರು.

1848ರ ‘ಮೇಜರ್‌ನ ಮದುವೆ ಪ್ರಸ್ತಾಪ’ ಅವನಿಗೆ ‘ಅಕಾಡೆಮಿಷಿಯನ್’ ಪದವಿ ತಂದುಕೊಟ್ಟಿತು. ಮೇಜರ್‌ಗೆ ವ್ಯಾಪಾರಿಯ ದುಡ್ಡು ಬೇಕು, ವ್ಯಾಪಾರಿಗೆ ಮೇಜರ್‌ನ ದರ್ಜೆ ಬೇಕು. ಹುಡುಗಿ ಓಡಿಹೋಗಲು ನೋಡ್ತಿದ್ದಾಳೆ, ತಾಯಿ ಅವಳ ಬಟ್ಟೆ ಹಿಡಿದು ಎಳೀತಿದ್ದಾಳೆ.

ಆದರೆ ಹೆಸರು ಹೊಟ್ಟೆ ತುಂಬಿಸಲಿಲ್ಲ. ಬಡತನ, ಸೆನ್ಸಾರ್‌ನ ಕಾಟ ಎರಡೂ ಸೇರಿದವು. ಕೊನೆಯ ಚಿತ್ರಗಳಲ್ಲಿ ನಗು ಮಾಯವಾಗಿದೆ. ‘ಆಂಕೋರ್, ಇನ್ನೊಮ್ಮೆ ಆಂಕೋರ್!’ ಎಂಬುದರಲ್ಲಿ ಕತ್ತಲೆ ಕೋಣೆಯ ಮಂಚದ ಮೇಲೆ ಬಿದ್ದುಕೊಂಡ ಅಧಿಕಾರಿ, ನಾಯಿಯನ್ನು ಕೋಲಿನ ಮೇಲಿಂದ ಮತ್ತೆ ಮತ್ತೆ ಹಾರಿಸ್ತಾನೆ. ‘ಆಂಕೋರ್’ ಅಂದರೆ ಫ್ರೆಂಚಿನಲ್ಲಿ ‘ಇನ್ನೊಮ್ಮೆ’. ಬೇಜಾರಿಗೆ ಕೊನೆಯೇ ಇಲ್ಲ. 1852ರಲ್ಲಿ ಮನಸ್ಸಿನ ಸ್ವಾಸ್ಥ್ಯ ಕೆಟ್ಟು, 37ನೇ ವಯಸ್ಸಿಗೆ ಆಸ್ಪತ್ರೆಯಲ್ಲೇ ತೀರಿಕೊಂಡ. ಸೈನ್ಯದಲ್ಲಿ ಆರ್ಡರ್ಲಿಯಾಗಿದ್ದ ಕೊರ್ಶುನೋವ್ ಕೊನೆಯವರೆಗೂ ಜೊತೆಗಿದ್ದ.

ಹಾಗಾದರೆ ನೌಕರಿ ಬಿಟ್ಟಿದ್ದು ಸರಿಯೋ ತಪ್ಪೋ? ಉತ್ತರ ಸುಲಭವಿಲ್ಲ. ಇಷ್ಟಂತೂ ನಿಜ: ಇಷ್ಟದ ದಾರಿ ಹಿಡಿದವನು ಬೆಲೆ ತೆತ್ತ, ಆದರೆ ದಾರಿ ಹಿಡಿಯುವ ಮೊದಲು ಸಂಜೆಗಳನ್ನೆಲ್ಲ ಕಲಿಕೆಗೆ ಕೊಟ್ಟಿದ್ದ. ಈ ಮೂರೂ ಚಿತ್ರಗಳು ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯಲ್ಲಿವೆ. ನೆಟ್‌ನಲ್ಲಿ ಹುಡುಕಿ, ಜೂಮ್ ಮಾಡಿ ನೋಡಿ. ಮೊದಲು ಆ ಬೂಟನ್ನು ಹುಡುಕಿ.