ಪಾಠದೋಷ: ಓಲೆಗರಿಯಲ್ಲಿ ಮತ್ತು ಗಣಕಯಂತ್ರದಲ್ಲಿ

ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರಿಗೆ ಪಾಠದೋಷಗಳು ಸುಪರಿಚಿತ. ಓಲೆಯನ್ನು ಹುಳು ತಿಂದಲ್ಲಿ ಗ್ರಂಥಪಾತ; ಲಿಪಿಕಾರನ ಕಣ್ಣು ಜಾರಿದಲ್ಲಿ ಪಂಕ್ತಿಲೋಪ; ಅಕ್ಷರ ಪಲ್ಲಟಿಸಿದಲ್ಲಿ ಅರ್ಥಭೇದ. ಅಂಕಪಟ್ಟಿಯಿಂದ ವಚನಸಂಪುಟದವರೆಗೆ ಸಕಲವನ್ನೂ ಒಳಗೊಂಡಿರುವ ಗಣಕಯಂತ್ರದ ಕಡತಗಳೂ ಇಂಥ ದೋಷಗಳಿಗೆ ಹೊರತಲ್ಲ.

ಗಣಕಯಂತ್ರವು ಎಲ್ಲವನ್ನೂ ಸೊನ್ನೆ, ಒಂದು ಎಂಬ ಎರಡೇ ಅಂಕೆಗಳಲ್ಲಿ ಬರೆದಿಡುತ್ತದೆ. ಈ ಬರಹ ಕೆಡಲು ಐದು ಕಾರಣಗಳು ಮುಖ್ಯವಾದವು.

ಮೊದಲನೆಯದು, ಬರೆಯುತ್ತಿರುವಾಗಲೇ ವಿದ್ಯುತ್ತು ನಿಲ್ಲುವುದು. ಆಗ ಕಡತವು ಅರ್ಧ ಹೊಸದು, ಅರ್ಧ ಹಳೆಯದಾಗಿ ಉಳಿಯುತ್ತದೆ. ಪೆನ್‌ಡ್ರೈವನ್ನು ಥಟ್ಟನೆ ಕಿತ್ತಾಗಲೂ ಇದೇ ಗತಿ.

ಎರಡನೆಯದು, ಡಿಸ್ಕಿನ ಸವೆತ. ಅದರ ಕೆಲವು ಭಾಗಗಳು ಜೀರ್ಣವಾಗಿ ಓದಲು ಬಾರದಂತಾಗುತ್ತವೆ.

ಮೂರನೆಯದು, ಸ್ಮೃತಿಕೋಶದಲ್ಲಿ ಒಂದು ಅಂಕೆ ತಾನಾಗಿ ಪಲ್ಲಟಿಸುವುದು. 2003ರಲ್ಲಿ ಬೆಲ್ಜಿಯಂ ದೇಶದ ಚುನಾವಣೆಯೊಂದರಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಅಧಿಕವಾಗಿ ಬಂದವು. ಸೊನ್ನೆ-ಒಂದರ ಲೆಕ್ಕದಲ್ಲಿ ಬಲದಿಂದ 13ನೆಯ ಸ್ಥಾನದ ಬೆಲೆ ಸರಿಯಾಗಿ 4096. ಆ ಒಂದು ಸ್ಥಾನದ ಸೊನ್ನೆಯು ಒಂದಾದುದೇ ಕಾರಣವಿರಬೇಕೆಂದು ತಜ್ಞರು ತರ್ಕಿಸಿದರು.

ನಾಲ್ಕನೆಯದು, ತಂತ್ರಾಂಶದ ಪರಿಷ್ಕರಣ ನಡುವೆ ನಿಲ್ಲುವುದು, ಇಲ್ಲವೆ ಪರಿಷ್ಕರಣವೇ ದೋಷಯುಕ್ತವಾಗಿರುವುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ತಪ್ಪು ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ಮಾತೃಪ್ರತಿಯ ದೋಷ ಎಲ್ಲ ನಕಲುಗಳಿಗೂ ಇಳಿದಂತೆ ಇದು.

ಐದನೆಯದು ವೈರಸ್. ಪರರು ಉದ್ದೇಶಪೂರ್ವಕವಾಗಿ ಸೇರಿಸಿದ ಈ ಭಾಗವನ್ನು ಪ್ರಕ್ಷಿಪ್ತವೆಂದೇ ಕರೆಯಬಹುದು.

ಪರಿಹಾರವೂ ಗ್ರಂಥಸಂಪಾದನೆಯದೇ: ಪ್ರತ್ಯಂತರವನ್ನಿರಿಸಿಕೊಂಡು ತಾಳೆ ನೋಡುವುದು. ವಿಂಡೋಸ್ ವ್ಯವಸ್ಥೆಯಲ್ಲಿರುವ ಸಿಸ್ಟಮ್ ಫೈಲ್ ಚೆಕರ್ ಎಂಬ ಸಾಧನವು ವ್ಯವಸ್ಥೆಯ ಕಡತಗಳನ್ನು ಪರೀಕ್ಷಿಸಿ, ಕೆಟ್ಟುದರ ಸ್ಥಾನದಲ್ಲಿ ಕಾದಿರಿಸಿದ ಶುದ್ಧಪ್ರತಿಯನ್ನಿಡುತ್ತದೆ. ಆದರೆ ಬಳಕೆದಾರನು ಸ್ವತಃ ರಚಿಸಿದ ಕಡತಗಳಿಗೆ ಈ ರಕ್ಷೆಯಿಲ್ಲ. ಅವುಗಳ ಪ್ರತಿಯನ್ನು ಅವನೇ ಮಾಡಿಡಬೇಕು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಹುಳು ತಿಂದ ಓಲೆ ಕಣ್ಣಿಗೆ ಕಾಣುತ್ತದೆ. ಕೆಟ್ಟ ಕಡತ ತೆರೆಯುವ ತನಕ ಕಾಣದು. ಅದನ್ನರಿಯದೆ ಹಳೆಯ ಪ್ರತಿಯ ಮೇಲೆಯೇ ಹೊಸ ನಕಲನ್ನು ಬರೆದರೆ, ಉಳಿದಿದ್ದ ಶುದ್ಧಪಾಠವೂ ಅಳಿಯುತ್ತದೆ. ಆದುದರಿಂದ ಬೇರೆಬೇರೆ ದಿನಗಳ ಪ್ರತಿಗಳನ್ನು ಬೇರೆಬೇರೆ ಸ್ಥಳಗಳಲ್ಲಿರಿಸಿ, ಆಗಾಗ ತೆರೆದು ಓದಿ ನೋಡತಕ್ಕದ್ದು. ಯಾರೂ ತೆರೆದು ನೋಡದ ಪ್ರತಿಯನ್ನು ನಂಬಿ ಕೂರುವುದು, ಬಿಚ್ಚದ ಓಲೆಕಟ್ಟನ್ನು ಪೂಜಿಸಿದಂತೆಯೇ ಸರಿ.